ಚುರುಟಿನ ಪೆಟ್ಟಿಗೆಯೂ ತೇವದ ಲೆಕ್ಕವೂ

ಚುರುಟೊಂದನ್ನು ಕಿವಿಯ ಬಳಿ ಹಿಡಿದು, ಬೆರಳುಗಳ ನಡುವೆ ಮೆಲ್ಲನೆ ಒತ್ತಿ, ಅದರ ಸದ್ದನ್ನು ಆಲಿಸುವ ರೂಢಿಯೊಂದು ಬಹುಕಾಲದಿಂದ ಬಂದಿದೆ. ಚಟಚಟನೆ ಸದ್ದಾದರೆ ಎಲೆ ಒಣಗಿದೆ. ಸದ್ದಿಲ್ಲದೆ ತುಸು ಬಗ್ಗಿ ಮತ್ತೆ ಮೊದಲಿನಂತಾದರೆ ಹದವಾಗಿದೆ. ಒತ್ತಿದ ಕಡೆ ಹಾಗೆಯೇ ತಗ್ಗಿ ನಿಂತರೆ ನೀರು ಹೆಚ್ಚಾಗಿದೆ. ಬೆರಳು ಮತ್ತು ಕಿವಿ ಇಲ್ಲಿ ಆರ್ದ್ರತಾಮಾಪಕದ ಕೆಲಸವನ್ನು ಮಾಡುತ್ತವೆ. ಇಂದು ಅದೇ ಕೆಲಸಕ್ಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಉಪಕರಣವೊಂದು ಬಂದಿದೆ. ಅದನ್ನು ಚುರುಟಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದರೆ ಸಾಕು. ಒಳಗಿನ ತೇವವೆಷ್ಟು, ಉಷ್ಣತೆಯೆಷ್ಟು ಎಂಬುದನ್ನು ಅದು ನಿಸ್ತಂತುವಾಗಿ ಹೊರಗೆ ತಿಳಿಸುತ್ತಿರುತ್ತದೆ. ಒಡೆಯನು ತನ್ನ ಕೈಯಲ್ಲಿರುವ ದೂರವಾಣಿಯ ತೆರೆಯ ಮೇಲೆ ಆ ಅಂಕಿಗಳನ್ನು ಓದಿಕೊಳ್ಳಬಹುದು.

ಓದಿಕೊಳ್ಳುವುದು ಸುಲಭ, ಅರ್ಥಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ಅಂಕಿ ಇಳಿಯಿತೆಂದು ಗಾಬರಿಯಾಗಿ ನೀರು ಸೇರಿಸಿದವನ ಚುರುಟುಗಳು ತಿಂಗಳೊಳಗೆ ಬೂಷ್ಟು ಹಿಡಿಯಬಹುದು. ಉಪಕರಣ ನಿಜವನ್ನೇ ಹೇಳಿದ್ದರೂ ಹೀಗಾಗಬಹುದೆಂಬುದೇ ಇಲ್ಲಿನ ಸ್ವಾರಸ್ಯ. ಹೊಗೆಸೊಪ್ಪಿನ ಸೇವನೆ ದೇಹಕ್ಕೆ ಕೇಡೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಿರುವ ಮಾತು. ಸೇದುವವರ ಪರವಾಗಿ ನಾವು ವಕಾಲತ್ತು ವಹಿಸಿಲ್ಲ. ಆದರೆ ಎಲೆಯೊಂದು ತನ್ನ ಸುತ್ತಣ ಹವೆಯೊಡನೆ ನಡೆಸುವ ನೀರಿನ ವ್ಯಾಪಾರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪೆಟ್ಟಿಗೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಸುಲಭವಾಗಿ ದೊರೆಯದು.

‘ಚುರುಟು’ ಎಂಬ ಮಾತು ನಮ್ಮದೇ. ತಮಿಳಿನ ‘ಚುರುಟ್ಟು’ ಇಂಗ್ಲಿಷಿಗೆ ಹೋಗಿ ‘ಚೆರೂಟ್’ ಆಯಿತು. ಕನ್ನಡದ ‘ಸುರುಟು’ ಅದರ ಸೋದರ. ಆದರೆ ಚುರುಟನ್ನು ಕಾಪಾಡುವ ಶಾಸ್ತ್ರ ಬೆಳೆದುದಕ್ಕೆ ಕಾರಣ ಕ್ಯೂಬಾ ದ್ವೀಪ. ಅಲ್ಲಿನ ಪಶ್ಚಿಮ ಭಾಗದ ಪಿನಾರ್ ಡೆಲ್ ರಿಯೋ ಪ್ರಾಂತದಲ್ಲಿ ಬೆಳೆದ ಎಲೆಯಿಂದ ಹವಾನಾ ನಗರದಲ್ಲಿ ಚುರುಟನ್ನು ಸುತ್ತುತ್ತಾರೆ. ಸುತ್ತುವಾಗ ಎಲೆ ಮುರಿಯದಿರಲೆಂದು ಅದನ್ನು ಮೊದಲು ತೇವಗೊಳಿಸಬೇಕು. ಆದಕಾರಣ ಸುತ್ತಿದ ಚುರುಟಿನಲ್ಲಿ ಬೇಕಾದುದಕ್ಕಿಂತ ಹೆಚ್ಚು ನೀರಿರುತ್ತದೆ. ಕಾರ್ಖಾನೆಯ ತಂಪಾದ ಕೋಣೆಗಳಲ್ಲಿ ಅವುಗಳನ್ನು ಕೆಲಕಾಲ ಇರಿಸಿ ಆ ಹೆಚ್ಚಿನ ನೀರನ್ನು ಕಳೆಯುತ್ತಾರೆ. ಅಲ್ಲಿಂದಾಚೆಗೆ ಅವು ಚಳಿಗಾಲದಲ್ಲಿ ಬಿಸಿಮಾಡಿದ ಯೂರೋಪಿನ ಮನೆಗಳ ಒಣಹವೆಗೆ ಹೋಗಿ ಬೀಳುತ್ತವೆ. ಅಲ್ಲಿ ಸುಮ್ಮನೆ ಮೇಜಿನ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಹೊರಪದರ ಬಿರುಕು ಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು, ಒಳಗಡೆ ‘ಸ್ಪ್ಯಾನಿಷ್ ಸೀಡರ್’ ಮರವನ್ನು ಹೊದಿಸಿದ, ಬಿಗಿಯಾದ ಮುಚ್ಚಳವುಳ್ಳ ಪೆಟ್ಟಿಗೆ. ಅದರ ಹೆಸರು ಹ್ಯೂಮಿಡಾರ್. ಆ ಮರ ಸ್ಪೇನಿನದೂ ಅಲ್ಲ, ನಿಜವಾದ ಸೀಡರೂ ಅಲ್ಲ. ಅಮೆರಿಕ ಖಂಡದ್ದು, ಕುಲದಲ್ಲಿ ನಮ್ಮ ಬೇವಿನ ನೆಂಟ.

ಪೆಟ್ಟಿಗೆಯೊಳಗೆ ಸಾಪೇಕ್ಷ ಆರ್ದ್ರತೆ ನೂರಕ್ಕೆ 65ರಿಂದ 70ರಷ್ಟು, ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವುದು ಉತ್ತಮವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದಕ್ಕಿಂತ ಬಹಳ ಒಣಗಿದರೆ ಎಲೆಯ ಪರಿಮಳದ್ರವ್ಯಗಳು ಹಾರಿಹೋಗುತ್ತವೆ; ಮತ್ತೆ ನೀರು ಕೊಟ್ಟರೆ ಮೃದುತ್ವ ಬಂದೀತೇ ಹೊರತು ಪರಿಮಳ ಬಾರದು. ತೇವ 75ನ್ನು ಮೀರಿ ನಿಂತರೆ ಬೂಷ್ಟಿಗೆ ಹಬ್ಬ. ಉಷ್ಣತೆಯ ಮಿತಿಗೆ ಬೇರೊಂದು ಕಾರಣವುಂಟು. ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಜೀರುಂಡೆಯೊಂದರ ಮೊಟ್ಟೆಗಳು ಹೊಗೆಸೊಪ್ಪಿನಲ್ಲಿ ಅಡಗಿರುವುದುಂಟು. ಬೆಚ್ಚಗಾದರೆ ಅವು ಒಡೆದು, ಮರಿಹುಳುಗಳು ಚುರುಟನ್ನು ಕೊರೆದು ಕೊಳಲು ಮಾಡಿಬಿಡುತ್ತವೆ. 20 ಡಿಗ್ರಿಯ ಕೆಳಗೆ ಅವುಗಳ ಬೆಳವಣಿಗೆ ಬಹಳ ಮಂದ.

ಸಾಪೇಕ್ಷ ಆರ್ದ್ರತೆಯೆಂಬುದು ನೀರಿನ ಮೊತ್ತವಲ್ಲ, ಒಂದು ಪ್ರಮಾಣ. ಒಂದು ಘನ ಮೀಟರ್ ಸ್ಥಳದಲ್ಲಿ 20 ಡಿಗ್ರಿ ಉಷ್ಣತೆಯಲ್ಲಿ ಹೆಚ್ಚೆಂದರೆ 17.3 ಗ್ರಾಂ ನೀರಾವಿ ಇರಬಲ್ಲದು. 25 ಡಿಗ್ರಿಯಲ್ಲಿ ಈ ಮಿತಿ 23 ಗ್ರಾಂಗೆ ಏರುತ್ತದೆ. ಹವೆಯಲ್ಲಿ ವಾಸ್ತವವಾಗಿ ಇರುವ ಆವಿ ಆ ಮಿತಿಯ ನೂರಕ್ಕೆ ಎಷ್ಟು ಪಾಲು ಎಂಬುದೇ ಉಪಕರಣ ತೋರುವ ಅಂಕಿ. ಆದ್ದರಿಂದ ಒಂದು ಹನಿ ನೀರೂ ಬಾರದೆ, ಹೋಗದೆ, ಉಷ್ಣತೆಯೊಂದು ಬದಲಾದರೂ ಅಂಕಿ ಬದಲಾಗಬಹುದು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದೇ ನಮಗೆ ದಾರಿ ತೋರಬೇಕಾಗಿದೆ.

ಈ ಪ್ರಮಾಣವನ್ನು ಅಳೆಯಲು ಹಿಂದೆ ಒದಗಿದ್ದು ಮನುಷ್ಯನ ತಲೆಗೂದಲು. ಜಿನೀವ ನಗರದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಕೂದಲಿನ ಆರ್ದ್ರತಾಮಾಪಕವನ್ನು ವಿವರಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಎಣ್ಣೆಯ ಅಂಶ ತೆಗೆದ ಕೂದಲು ಪೂರ್ತಿ ಒಣಹವೆಯಿಂದ ಪೂರ್ತಿ ತೇವದ ಹವೆಗೆ ಬಂದಾಗ ನೂರಕ್ಕೆ ಸುಮಾರು ಎರಡೂವರೆಯಷ್ಟು ಉದ್ದವಾಗುತ್ತದೆ. ಆ ಅಲ್ಪ ಚಲನೆಯನ್ನು ಸನ್ನೆಯೊಂದರಿಂದ ಹಿಗ್ಗಿಸಿ ಮುಳ್ಳಿಗೆ ಕೊಡುತ್ತಾರೆ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ, ತೇವದ ಹದದಲ್ಲಿ ಚುರುಟನ್ನು ಕಾಪಾಡುವ ವಿದ್ಯೆಯಿಂದ ಹೆಸರಾದ ವ್ಯಾಪಾರಿ ಜೀನೋ ಡೇವಿಡಾಫ್ (1906-1994) ಅಂಗಡಿ ನಡೆಸಿದ್ದೂ ಇದೇ ಜಿನೀವದಲ್ಲಿ. ಕಾಕತಾಳೀಯವೇ ಇರಬಹುದು, ಆದರೂ ನೆನಪಿಡಲು ಚೆನ್ನಾಗಿದೆ. ಪೆಟ್ಟಿಗೆಯ ಮುಚ್ಚಳಕ್ಕೆ ಸೇರಿಸಿದ ದುಂಡನೆಯ ಮುಳ್ಳಿನ ಮಾಪಕಗಳು ಇಂದಿಗೂ ಉಂಟು. ಅವುಗಳಲ್ಲಿ ಅಗ್ಗವಾದವು ನಂಬಲರ್ಹವಲ್ಲವೆಂದು ಹೇಳಲೇಬೇಕಾಗಿದೆ.

ಹೊಸ ಸಂವೇದಕದಲ್ಲಿ ಕೂದಲೂ ಇಲ್ಲ, ಸನ್ನೆಯೂ ಇಲ್ಲ. ಅದೊಂದು ವಿದ್ಯುತ್ ಧಾರಕ. ಎರಡು ಲೋಹದ ಪದರಗಳ ನಡುವೆ ಅವಾಹಕ ವಸ್ತುವೊಂದನ್ನಿಟ್ಟರೆ ಧಾರಕವಾಗುತ್ತದೆಂಬುದನ್ನೂ, ಅದರ ಧಾರಕತೆ ಆ ವಸ್ತುವಿನ ಪರಾವೈದ್ಯುತಾಂಕವನ್ನು ಅವಲಂಬಿಸಿದೆಯೆಂಬುದನ್ನೂ ನಾವು ಬಲ್ಲೆವು. ಇಲ್ಲಿನ ಅವಾಹಕವೆಂದರೆ ಕೆಲವೇ ಮೈಕ್ರೋಮೀಟರ್ ದಪ್ಪದ ಪಾಲಿಮರ್ ಪೊರೆ. ಮೇಲಿನ ಲೋಹಪದರದಲ್ಲಿ ನೀರಾವಿ ನುಸುಳಬಲ್ಲ ರಂಧ್ರಗಳಿರುತ್ತವೆ. ಪೊರೆಯ ಪರಾವೈದ್ಯುತಾಂಕ ಸುಮಾರು 3; ನೀರಿನದು 80. ಆದುದರಿಂದ ಪೊರೆಯೊಳಗೆ ನೀರಿನ ಅಣುಗಳು ಸ್ವಲ್ಪವೇ ಸೇರಿದರೂ ಧಾರಕತೆ ಎದ್ದು ಕಾಣುವಂತೆ ಏರುತ್ತದೆ. ಪಕ್ಕದಲ್ಲಿಯೇ ಕುಳಿತ ಸೂಕ್ಷ್ಮ ಮಂಡಲವೊಂದು ಆ ಏರಿಕೆಯನ್ನು ಅಳೆದು, ಜೊತೆಗಿರುವ ಉಷ್ಣತಾಮಾಪಕವನ್ನೂ ವಿಚಾರಿಸಿ, ಅಂಕಿಯನ್ನು ಸಿದ್ಧಪಡಿಸುತ್ತದೆ. ಒಳ್ಳೆಯ ಸಂವೇದಕಗಳಲ್ಲಿ ತಪ್ಪು ಎರಡು ಅಂಶಗಳನ್ನು ಮೀರುವುದಿಲ್ಲ.

ಇನ್ನು ಇದಕ್ಕೆ ನಿಸ್ತಂತು ಏಕೆ? ಆಡಂಬರಕ್ಕೆಂದು ಭಾವಿಸಬಾರದು. ಪೆಟ್ಟಿಗೆಯ ಯೋಗ್ಯತೆಯೆಲ್ಲ ಅದರ ಮುಚ್ಚಳದ ಬಿಗಿಯಲ್ಲಿದೆ. ತಂತಿಯೊಂದನ್ನು ಹೊರತೆಗೆಯಲು ಸಂದು ಮಾಡಿದರೆ ಅಲ್ಲಿ ತೇವ ಸೋರಲು ಮೊದಲಾಗುತ್ತದೆ. ಒಳಗಿಟ್ಟ ಮುಳ್ಳನ್ನು ನೋಡಲು ಮುಚ್ಚಳ ತೆರೆದರೋ, ಅಳೆಯಬೇಕಾದ ಹವೆಯೇ ಹಾರಿಹೋಗುತ್ತದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದುದನ್ನು ಕೆಡಿಸಬಾರದು. ರೇಡಿಯೋ ಅಲೆಗಾದರೋ ಮರದ ಹಲಗೆ ಅಡ್ಡಿಯಲ್ಲ.

ಮರ ಅಡ್ಡಿಯಲ್ಲ, ಲೋಹ ಅಡ್ಡಿ. ಬ್ಲೂಟೂತ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 240 ಕೋಟಿ ಕಂಪನಗಳ ಅಲೆಗಳನ್ನು ಬಳಸುತ್ತಾರೆ. ಅವುಗಳ ಅಲೆಯುದ್ದ ಹನ್ನೆರಡೂವರೆ ಸೆಂಟಿಮೀಟರ್. ಲೋಹದ ಕಪಾಟಿನೊಳಗೆ ಇಟ್ಟ ಸಂವೇದಕ, ಫ್ಯಾರಡೆಯ ಪಂಜರದೊಳಗೆ ಸಿಕ್ಕಿದ ಹಕ್ಕಿ. ಬಾಗಿಲಿನ ರಬ್ಬರಿನ ಸಂದು ಅಥವಾ ಗಾಜು ಇದ್ದರೆ ಮಾತ್ರ ಅದರ ಕೂಗು ಹೊರಗೆ ಕೇಳೀತು. ತೇವದ ಎಲೆಯೂ ಈ ಅಲೆಯನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಅಡಿಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಬಹುಮಟ್ಟಿಗೆ ಇದೇ ಕಂಪನದಲ್ಲಿ, ನೀರು ಅದನ್ನು ಹೀರುವ ಕಾರಣದಿಂದ. ದೊಡ್ಡ ಉಗ್ರಾಣಗಳಲ್ಲಿ ಇದಕ್ಕಿಂತ ನಿಧಾನವಾದ, ಉದ್ದವಾದ ಅಲೆಗಳು ಮೇಲು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳು ಪರವಾನೆಯಿಲ್ಲದೆ ಬಳಸಬಹುದೆಂದು 2005ರಲ್ಲಿಯೇ ನಿಯಮವಾಯಿತು.

ಗುಂಡಿಯಾಕಾರದ ಒಂದು ವಿದ್ಯುತ್ಕೋಶದಿಂದ ಈ ಉಪಕರಣ ವರ್ಷಕ್ಕೂ ಮಿಕ್ಕಿ ನಡೆಯುವುದು ಹೇಗೆಂದು ಕೇಳಬಹುದು. ಬಹುಪಾಲು ಕಾಲ ಅದು ನಿದ್ರಿಸುತ್ತಿರುತ್ತದೆ. ಆಗಾಗ ಎಚ್ಚತ್ತು, ಅಳೆದು, ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ಮಾತಾಡಿ, ಮತ್ತೆ ಮಲಗುತ್ತದೆ. ಸರಾಸರಿ ವಿದ್ಯುತ್ಪ್ರವಾಹ 20 ಮೈಕ್ರೋಆಂಪಿಯರ್ ಎಂದಿಟ್ಟುಕೊಂಡರೆ, 220 ಮಿಲಿಆಂಪಿಯರ್-ಗಂಟೆಯ ಕೋಶ 11,000 ಗಂಟೆ, ಅಂದರೆ ಹದಿನೈದು ತಿಂಗಳು ಬಾಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನೂರು ಚುರುಟುಗಳಿರುವ ಪೆಟ್ಟಿಗೆಯೊಂದನ್ನು ಭಾವಿಸಿಕೊಳ್ಳಿ. ಚುರುಟುಗಳು ಹಿಡಿದ ಸ್ಥಳವನ್ನು ಬಿಟ್ಟು ಹವೆಗೆ 20 ಲೀಟರ್ ಸ್ಥಳ ಉಳಿದಿರಲಿ. ಉಷ್ಣತೆ 20 ಡಿಗ್ರಿ, ಆರ್ದ್ರತೆ 70. ಆ ಹವೆಯಲ್ಲಿರುವ ನೀರೆಷ್ಟು? ಘನ ಮೀಟರಿಗೆ 17.3ರ ನೂರಕ್ಕೆ 70 ಪಾಲು, ಎಂದರೆ 12.1 ಗ್ರಾಂ, 20 ಲೀಟರಿಗೆ 0.24 ಗ್ರಾಂ. ಐದಾರು ಹನಿಗಳಷ್ಟು ಮಾತ್ರ. ಚುರುಟೊಂದರ ತೂಕ 10 ಗ್ರಾಂ, ಅದರಲ್ಲಿ ನೂರಕ್ಕೆ 14ರಷ್ಟು ನೀರು ಎಂದಿಟ್ಟುಕೊಳ್ಳೋಣ. ನೂರು ಚುರುಟುಗಳಲ್ಲಿ 140 ಗ್ರಾಂ ನೀರಾಯಿತು. ಹವೆಯಲ್ಲಿರುವುದಕ್ಕಿಂತ ಐನೂರು ಪಾಲಿಗೂ ಹೆಚ್ಚು! ನೀರಿನ ಖಜಾನೆ ಎಲೆ. ಹವೆ ಕೇವಲ ಅದರ ಕೈಚಿಲ್ಲರೆ. ಸಂವೇದಕ ಎಣಿಸುತ್ತಿರುವುದು ಈ ಚಿಲ್ಲರೆಯನ್ನು.

ಮುಚ್ಚಳವನ್ನು ಒಮ್ಮೆ ಅಗಲವಾಗಿ ತೆರೆದೆವೆನ್ನಿ. ಒಳಗಿನ ಹವೆಯೆಲ್ಲ ಹೋಗಿ, ಅದರ ಬದಲು ಹೊರಗಿನ, ಆರ್ದ್ರತೆ 40 ಇರುವ ಹವೆ ತುಂಬಿತು. ಸಂವೇದಕದ ಅಂಕಿ ಕೆಲವು ಸೆಕೆಂಡುಗಳಲ್ಲಿ ಕುಸಿಯುತ್ತದೆ. ನೋಡಿದವನಿಗೆ ಎದೆ ಝಲ್ಲೆನ್ನಬಹುದು. ಆದರೆ ನಷ್ಟವಾದ ನೀರು ಸುಮಾರು 0.1 ಗ್ರಾಂ. ಮುಚ್ಚಳ ಮುಚ್ಚಿದೊಡನೆ ಎಲೆಯೂ ಮರವೂ ಅದನ್ನು ತುಂಬಿಕೊಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅಂಕಿ ಮೊದಲಿನ ಮಟ್ಟಕ್ಕೆ ಹತ್ತುತ್ತದೆ. ಚುರುಟುಗಳಿಗೆ ಈ ಪ್ರಸಂಗ ತಿಳಿದೇ ಇಲ್ಲವೆನ್ನಬಹುದು. ಎಲೆಯ ಆರ್ದ್ರತೆಯ ಮಟ್ಟ ನಿಜವಾಗಿ 70ರಿಂದ 60ಕ್ಕೆ ಇಳಿಯಬೇಕಾದರೆ ಹತ್ತಾರು ಗ್ರಾಂ ನೀರು ಹೊರಟುಹೋಗಬೇಕು. ಅದು ದಿನಗಳ, ವಾರಗಳ ಮಾತು.

ಉಷ್ಣತೆಯ ಪ್ರಭಾವ ಇದಕ್ಕಿಂತ ವಿಚಿತ್ರವಾದುದು. ಬರಿಯ ಗಾಜಿನ ಪೆಟ್ಟಿಗೆಯಲ್ಲಿ ಹವೆಯನ್ನು ಮಾತ್ರ ಮುಚ್ಚಿ, 20 ಡಿಗ್ರಿಯಿಂದ 25 ಡಿಗ್ರಿಗೆ ಕಾಯಿಸಿದರೆ, ಅದೇ 12.1 ಗ್ರಾಂ ಆವಿಯನ್ನು 23 ಗ್ರಾಂ ಮಿತಿಗೆ ಹೋಲಿಸಬೇಕಾಗುತ್ತದೆ. ಆರ್ದ್ರತೆ 70ರಿಂದ ಸುಮಾರು 53ಕ್ಕೆ ಇಳಿಯುತ್ತದೆ. ಪಠ್ಯಪುಸ್ತಕದ ವಿದ್ಯಾರ್ಥಿ ಇಲ್ಲಿಗೆ ನಿಲ್ಲುತ್ತಾನೆ. ಆದರೆ ಅದೇ ಪೆಟ್ಟಿಗೆಯಲ್ಲಿ ಚುರುಟುಗಳು ತುಂಬಿದ್ದರೆ? ಆರ್ದ್ರತೆಯನ್ನು 70ರಲ್ಲಿಯೇ ಹಿಡಿದಿಡಲು ಎಲೆಗಳು ಕೊಡಬೇಕಾದ ನೀರು 0.08 ಗ್ರಾಂ. 140 ಗ್ರಾಂ ಇಟ್ಟುಕೊಂಡವನಿಗೆ ಇದೊಂದು ದಾನವೇ? ಕೊಟ್ಟು ಮುಗಿಸುತ್ತಾನೆ. ಅಷ್ಟೇ ಅಲ್ಲ, ಬಿಸಿಯಾದಂತೆ ಎಲೆಯ ನಾರು ನೀರಿನ ಅಣುಗಳನ್ನು ಹಿಡಿದಿದ್ದ ಬಿಗಿ ಸಡಿಲುತ್ತದೆ. ಆದಕಾರಣ ತುಂಬಿದ ಪೆಟ್ಟಿಗೆಯಲ್ಲಿ ಉಷ್ಣತೆ ಏರಿದಾಗ ಆರ್ದ್ರತೆ ಇಳಿಯುವುದರ ಬದಲು ಒಂದೆರಡು ಅಂಶ ಏರುವುದೇ ಸಹಜ. ಬರಿದಾದ ಪೆಟ್ಟಿಗೆಯೂ ತುಂಬಿದ ಪೆಟ್ಟಿಗೆಯೂ ಒಂದೇ ಬಿಸಿಲಿಗೆ ವಿರುದ್ಧವಾದ ಉತ್ತರಗಳನ್ನು ಕೊಡುತ್ತವೆ. ಮರದ ವಾದ್ಯಗಳು, ತಾಳೆಗರಿಯ ಕಟ್ಟುಗಳು ಇವುಗಳನ್ನಿಟ್ಟ ಬಿಗಿಪೆಟ್ಟಿಗೆಗಳಲ್ಲಿಯೂ ಇದೇ ನಿಯಮ. ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯನ್ನು ತುಂಬಿಡಬೇಕೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಇದರ ಎಳೆಯೊಂದಿದೆ: ವಸ್ತು ಹೆಚ್ಚಿದ್ದು ಹವೆ ಕಡಿಮೆಯಿದ್ದರೆ, ಹವೆ ವಸ್ತುವಿನ ಮಾತು ಕೇಳುತ್ತದೆ.

ಆಳೆತ್ತರದ ಕಪಾಟುಗಳಲ್ಲಿ ಇನ್ನೊಂದು ತೊಡಕುಂಟು. ಮೇಲಿನ ಹಲಗೆಯ ಬಳಿ 22 ಡಿಗ್ರಿ, ಕೆಳಗೆ 20 ಡಿಗ್ರಿ ಇದೆಯೆನ್ನೋಣ. ನೀರಾವಿ ಎಲ್ಲ ಕಡೆಗೂ ಹರಡಿ ಒಂದೇ ಸಾಂದ್ರತೆಗೆ ಬರಲು ನೋಡುತ್ತದೆ. ಕೆಳಗೆ 70 ತೋರುವ ಅದೇ ಆವಿ ಮೇಲೆ ಸುಮಾರು 62 ತೋರುತ್ತದೆ. ಎರಡು ಸಂವೇದಕಗಳಲ್ಲಿ ಎಂಟು ಅಂಶಗಳ ಭೇದ; ಎರಡೂ ಸರಿ! ಇವುಗಳಲ್ಲಿ ಒಂದು ಕೆಟ್ಟಿದೆಯೆಂದು ಎಸೆಯುವುದು ಅನ್ಯಾಯ. ಆದರೆ ಈ ಭೇದ ನಿರುಪದ್ರವಿಯಲ್ಲ. ಬೆಚ್ಚಗಿರುವ ಎಲೆ ನೀರನ್ನು ಬಿಡುತ್ತದೆ, ತಣ್ಣಗಿರುವುದು ಹೀರುತ್ತದೆ. ವಾರಗಳು ಕಳೆದಂತೆ ಮೇಲಿನ ಸಾಲು ಒಣಗಿ, ಕೆಳಗಿನ ಸಾಲು ಒದ್ದೆಯಾಗುತ್ತದೆ; ಕಪಾಟಿನಿಂದ ಒಂದು ಹನಿಯೂ ಹೊರಹೋಗಿರುವುದಿಲ್ಲ. ಇಲ್ಲಿ ನೀರು ಸೇರಿಸಿದವನು ಕೆಳಗಿನ ಸಾಲಿಗೆ ಬೂಷ್ಟನ್ನು ಕರೆತರುತ್ತಾನೆ. ಬೇಕಾದುದು ನೀರಲ್ಲ, ಹವೆಯನ್ನು ಕಲಕಿ ಉಷ್ಣತೆಯನ್ನು ಸಮಮಾಡುವ ಚಿಕ್ಕದೊಂದು ಬೀಸಣಿಗೆ, ಇಲ್ಲವೇ ಬಿಸಿಲು ಬೀಳುವ ಗೋಡೆಯಿಂದ ಕಪಾಟನ್ನು ದೂರ ಸರಿಸುವುದು. ಯಂತ್ರದಿಂದ ತಣಿಸುವ ಕಪಾಟುಗಳಲ್ಲಿ ಇದೇ ಸಂಗತಿ ಉಗ್ರರೂಪ ತಾಳುತ್ತದೆ. 20 ಡಿಗ್ರಿಯಲ್ಲಿ 70 ಆರ್ದ್ರತೆಯುಳ್ಳ ಹವೆಯ ಇಬ್ಬನಿಬಿಂದು 14 ಡಿಗ್ರಿಗಿಂತ ತುಸು ಮೇಲಿದೆ. ತಣಿಸುವ ಫಲಕ ಅದಕ್ಕಿಂತ ತಣ್ಣಗಾದರೆ ಅದರ ಮೇಲೆ ನೀರು ಬೆವರಿನಂತೆ ಕೂಡಿ ಹರಿದುಹೋಗುತ್ತದೆ. ಯಂತ್ರ ಹೂಡಿ ನಿಂತಂತೆಲ್ಲ ಆರ್ದ್ರತೆಯ ರೇಖೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ.

ನಿಸ್ತಂತು ಉಪಕರಣದ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಒಂದು ಗಳಿಗೆಯ ಅಂಕಿಯನ್ನು ಮುಳ್ಳಿನ ಮಾಪಕವೂ ಕೊಡುತ್ತದೆ. ಇದು ಕೊಡುವುದು ದಿನ, ವಾರ, ತಿಂಗಳುಗಳ ರೇಖೆಯನ್ನು, ಜೊತೆಗೆ ಉಷ್ಣತೆಯ ರೇಖೆಯನ್ನು. ಕಡಿದಾಗಿ ಕುಸಿದು ಬೇಗ ಚೇತರಿಸಿಕೊಂಡ ರೇಖೆ ಮುಚ್ಚಳ ತೆರೆದುದರ ಗುರುತು. ಹಗಲಿರುಳಿನೊಡನೆ ಅಲೆಯಂತೆ ಬಳುಕುವುದು ಉಷ್ಣತೆಯ ಆಟ. ಮಧ್ಯಾಹ್ನಕ್ಕೆ ಬಿಸಿ ಏರಿದಂತೆ ಆರ್ದ್ರತೆ ಬಹಳ ಇಳಿಯುತ್ತಿದ್ದರೆ, ಪೆಟ್ಟಿಗೆ ಹೆಚ್ಚುಕಡಿಮೆ ಬರಿದಾಗಿದೆ, ಅಥವಾ ಸಂವೇದಕ ಮಾತ್ರ ಬೆಚ್ಚನೆಯ ಮುಚ್ಚಳಕ್ಕೆ ಅಂಟಿಕೊಂಡಿದೆ. ವಾರಗಟ್ಟಲೆ ಒಂದೇ ಸಮನೆ ಇಳಿಯುತ್ತ ಹೋಗುವ ರೇಖೆ ಮಾತ್ರ ನಿಜವಾದ ಎಚ್ಚರಿಕೆ: ಮುಚ್ಚಳ ಸೋರುತ್ತಿದೆ, ಇಲ್ಲವೆ ತೇವ ಕೊಡುವ ದ್ರಾವಣ ಮುಗಿದಿದೆ.

ಆದರೆ ಆ ಇಳಿಕೆ ಸಂವೇದಕದ್ದೇ ಆಗಿರಬಾರದೇಕೆ? ಹೊಗೆಸೊಪ್ಪು ಅಮೋನಿಯ ಅನಿಲವನ್ನು ಬಿಡುತ್ತದೆ. ಸೀಡರ್ ಮರ ಪರಿಮಳದ ತೈಲಗಳನ್ನು ಬಿಡುತ್ತದೆ. ಇಂಥ ಆವಿಗಳು ಪಾಲಿಮರ್ ಪೊರೆಯೊಳಗೆ ಸೇರಿ, ನೀರಿಗೆ ಮೀಸಲಾದ ಸ್ಥಳಗಳನ್ನು ಆಕ್ರಮಿಸಿ, ಅಂಕಿಯನ್ನು ಮೆಲ್ಲಮೆಲ್ಲನೆ ಓರೆಮಾಡಬಲ್ಲವು. ಈ ಸಂದೇಹವನ್ನು ಪರಿಹರಿಸಲು ಬೇಕಾದುದು ಅಡಿಗೆಯ ಉಪ್ಪು.

ಸೀಸೆಯ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಬೇಕು. ಉಪ್ಪು ಪೂರ್ತಿ ಕರಗಬಾರದು. ಕರಗದ ಹರಳುಗಳು ಕಣ್ಣಿಗೆ ಕಾಣುತ್ತಿರಬೇಕು. ಅದನ್ನೂ ಸಂವೇದಕವನ್ನೂ ಒಂದಕ್ಕೊಂದು ತಾಗದಂತೆ ಬಿಗಿಯಾದ ಡಬ್ಬಿಯೊಂದರಲ್ಲಿಟ್ಟು, ಉಷ್ಣತೆ ಬದಲಾಗದ ಮೂಲೆಯಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಒಂದು ದಿನ ಬಿಡಬೇಕು. ಸಂತೃಪ್ತ ದ್ರಾವಣದಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬರಿಯ ನೀರಿನಂತೆ ಅದು ಹವೆಯನ್ನು 100ಕ್ಕೆ ಒಯ್ಯಲಾರದು. 75ರ ಬಳಿ ನಿಲ್ಲುತ್ತದೆ. ಹವೆ ಹೆಚ್ಚು ತೇವವಾದರೆ ದ್ರಾವಣ ನೀರನ್ನು ಹೀರಿ ಇನ್ನಷ್ಟು ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಒಣಗಿದರೆ ನೀರನ್ನು ಕೊಟ್ಟು ಹರಳುಗಟ್ಟುತ್ತದೆ. ಕರಗದ ಉಪ್ಪು ಇರುವವರೆಗೆ ದ್ರಾವಣದ ಬಲ ಬದಲಾಗುವುದಿಲ್ಲ. ಗ್ರೀನ್‌ಸ್ಪಾನ್ ಎಂಬ ಅಮೆರಿಕದ ವಿಜ್ಞಾನಿ 1977ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಈ ಬೆಲೆ 20 ಡಿಗ್ರಿಯಲ್ಲಿ 75.5, 25 ಡಿಗ್ರಿಯಲ್ಲಿ 75.3, ಉಷ್ಣತೆಯಿಂದ ಇಷ್ಟು ಕಡಿಮೆ ಕದಲುವ ಲವಣಗಳು ವಿರಳ. ಮೆಗ್ನೀಸಿಯಂ ಕ್ಲೋರೈಡ್ ಬಳಸಿದರೆ 33ರ ಬಳಿ ಇನ್ನೊಂದು ಗುರುತು ದೊರೆಯುತ್ತದೆ. ಚುರುಟಿನ ಪೆಟ್ಟಿಗೆಗಳಲ್ಲಿಡುವ, ತೇವವನ್ನು ಕೊಡಲೂ ತೆಗೆದುಕೊಳ್ಳಲೂ ಬಲ್ಲ ಚಿಕ್ಕ ಪೊಟ್ಟಣಗಳೂ ನೀರಾವಿ ಹಾಯುವ ಪೊರೆಯೊಳಗೆ ಲವಣದ್ರಾವಣವನ್ನು ತುಂಬಿ ಮಾಡಿದವೇ.

ಮರುದಿನ ಸಂವೇದಕ 75ರ ಬದಲು 71 ತೋರಿದರೆ, ಅದು ನಾಲ್ಕು ಅಂಶ ಕಡಿಮೆ ಹೇಳುತ್ತಿದೆ. ಪೆಟ್ಟಿಗೆಯಲ್ಲಿ ಅದು 64 ಎಂದಾಗ ಚುರುಟುಗಳು 68ರ ಬಳಿ ಸುಖವಾಗಿವೆ. 75ನ್ನೇ ತೋರಿದರೆ ಪೆಟ್ಟಿಗೆಯ ಮುಚ್ಚಳವನ್ನು ಪರೀಕ್ಷಿಸಬೇಕು: ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಮುಚ್ಚಿ ಎಳೆದಾಗ ಸರಾಗವಾಗಿ ಜಾರಿ ಬಂದ ಕಡೆಯಲ್ಲಿ ಸೋರಿಕೆಯಿದೆ.